ಗೋವಾದಲ್ಲಿ ಬಡಿಸಿದ ಬೀಗರೂಟ

ಹಸಿವಾದರೆ ಎದುರಿಗೆ ಕಂಡ ಹೋಟೆಲಿಗೆ ನುಗ್ಗಿ ತಿಂದು ಬರುವವರನ್ನು ಕಂಡರೆ ನನಗೆ ಹೊಟ್ಟೆಯುರಿ. ನನಗೆ ಅದು ಆಗುವುದಿಲ್ಲ. ಆ ಹೋಟೆಲಿನ ಬಗ್ಗೆ ಎಲ್ಲಿಯದೋ ಊರಿನ ಅಪರಿಚಿತನೊಬ್ಬ ಫೋನಿನಲ್ಲಿ ಏನು ಬರೆದಿದ್ದಾನೆ, ಎಷ್ಟು ನಕ್ಷತ್ರ ಕೊಟ್ಟಿದ್ದಾನೆ ಎಂದು ತಿಳಿಯುವವರೆಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ನನ್ನೂರು ಮಳವಳ್ಳಿಯಲ್ಲಿ ಈ ಶಾಸ್ತ್ರಕ್ಕೆ ಬೆಲೆಯಿಲ್ಲ. ಹೋಟೆಲ್ ಹೇಗಿದೆ ಎಂದು ಯಾರನ್ನಾದರೂ ಕೇಳಿದರೆ, "ತಿಂದ್ ನೋಡ್ಲಾ, ಗೊತ್ತಾಯ್ತದೆ" ಎನ್ನುತ್ತಾರೆ. ಇದು ಉತ್ತರವೇ? ನಾನು ದಿನಚರಿ ಬರೆಯುವ ಮನುಷ್ಯ. ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖು, ಚಪ್ಪಲಿ ಕೊಂಡ ತಾರೀಖು, ಅದು ಕಿತ್ತುಹೋದ ತಾರೀಖು ಎಲ್ಲವೂ ನನ್ನ ಹತ್ತಿರ ಉಂಟು. "ಇವ್ನು ಸೀನಿದ್ನೂ ಬರ್ದಿಟ್ಕತಾನೆ ಕಣವ್ವ, ಯೋಚ್ನೆ ಮಾಡು" ಎಂದು ನನ್ನ ತಾಯಿ ಜಯಮ್ಮ ಮದುವೆಗೆ ಮೊದಲೇ ಹುಡುಗಿಯನ್ನು ಎಚ್ಚರಿಸಿದ್ದರು. ಸವಿತಾ ಅದನ್ನು ತಮಾಷೆ ಎಂದುಕೊಂಡು ತಾಳಿ ಕಟ್ಟಿಸಿಕೊಂಡಳು.

ನಮ್ಮ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನೆಲ್ಲ ಕರೆದು ಕೂರಿಸಿ ಬಾಡೂಟ ಹಾಕಬೇಕು. ಅದೇ ಬೀಗರೂಟ. ಮಂತ್ರ ತಪ್ಪಿದರೆ ಯಾರೂ ಕೇಳುವುದಿಲ್ಲ. ಬೀಗರ ಎಲೆಗೆ ಬಿದ್ದ ತುಂಡಿನಲ್ಲಿ ಬರೀ ಮೂಳೆ ಇದ್ದರೆ ಮೊಮ್ಮಕ್ಕಳ ಕಾಲದವರೆಗೂ ಮಾತು ನಿಲ್ಲುವುದಿಲ್ಲ. ಮದ್ದೂರಿನ ಛತ್ರದಲ್ಲಿ ನಮ್ಮ ಮದುವೆಯಾದ ಮಾರನೆಯ ದಿನವೇ ನಮ್ಮ ಬೀದಿಯಲ್ಲಿ ಮಾರಮ್ಮನ ಹಬ್ಬಕ್ಕೆ ತಮಟೆ ಹೊಡೆದು ಸಾರಿಬಿಟ್ಟರು. ಸಾರಿದ ಮೇಲೆ ಹಬ್ಬ ಮುಗಿಯುವವರೆಗೆ ಮನೆಯಲ್ಲಿ ಬಾಡು ಬೇಯಿಸುವುದಿರಲಿ, ಒಗ್ಗರಣೆಯನ್ನೂ ಹಾಕುವಂತಿಲ್ಲ. ಹಬ್ಬ ಮುಗಿಯುವಷ್ಟರಲ್ಲಿ ಆಷಾಢ ಬಂತು. ಆಷಾಢ ಕಳೆಯುವಷ್ಟರಲ್ಲಿ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಆಮೇಲೆ ಏನೂ ಬರಲಿಲ್ಲ. ಆದರೆ ಅಷ್ಟರಲ್ಲಿ ನಮಗೆ ಬೀಗರೂಟ ಹಾಕದೆ ಇರುವುದು ಅಭ್ಯಾಸವಾಗಿತ್ತು.

ನನ್ನ ಮಾವ ನಿಂಗೇಗೌಡರು ನಿಡಘಟ್ಟದವರು. ಆಗಾಗ ಬಸ್ಸು ಹತ್ತಿ ಮಗಳನ್ನು ನೋಡಲು ಬರುತ್ತಾರೆ. ತೆಂಗಿನಕಾಯಿ, ಅವರೆಕಾಯಿ, ಒಮ್ಮೊಮ್ಮೆ ಒಂದು ಗೊನೆ ಬಾಳೆ ತಂದು ಇಳಿಸುತ್ತಾರೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ನಾನು ಫೋನಿನಿಂದ ತಲೆಯೆತ್ತಿ, "ಮಾವ, ಊಟ ಮಾಡ್ತೀರಾ?" ಎಂದು ಕೇಳುತ್ತೇನೆ. "ಬ್ಯಾಡ ಕಣಪ್ಪ, ಇನ್ನೊಂದ್ ಸಾರಿ ಆಯ್ತದೆ ಬುಡು" ಎನ್ನುತ್ತಾರೆ. ನಾನು ದಿನಚರಿಯಲ್ಲಿ 'ಮಾವ ಬಂದಿದ್ದರು, ಊಟ ಬೇಡವೆಂದರು' ಎಂದು ಬರೆಯುತ್ತೇನೆ. ಹೀಗೇ ತಿಂಗಳುಗಳು ಕಳೆದವು. ಒಂದು ದಿನ ಅವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಸವಿತಾಳೂ ತರಕಾರಿ ತರಲು ಬಸ್ ಸ್ಟ್ಯಾಂಡ್ ಕಡೆ ಹೋದೆವು. ಅಲ್ಲಿನ ಹೋಟೆಲಿನಲ್ಲಿ ಮಾವ ಒಬ್ಬರೇ ಕೂತು ತಣ್ಣಗಾದ ಚಿತ್ರಾನ್ನ ತಿನ್ನುತ್ತಿದ್ದರು. ಅವರು ನಮ್ಮನ್ನು ನೋಡಲಿಲ್ಲ. ಸವಿತಾ ಮುಖ ತಿರುಗಿಸಿಕೊಂಡು, ತರಕಾರಿ ಏನೂ ಬೇಡ ಎಂದು ವಾಪಸು ನಡೆದಳು. ಆ ರಾತ್ರಿ ಅವಳು ಮಾತಾಡಿದ್ದು ಒಂದೇ ಮಾತು: "ನಮ್ಮಪ್ಪ ನನ್ ಕೈಯಡುಗೆ ಒಂದ್ ದಿನಾನೂ ಉಂಡಿಲ್ಲ."

ನಾನು ವಿಧಿವತ್ತಾಗಿ ಯೋಚಿಸಿದೆ. ಹಳೆಯ ಪುಟಗಳನ್ನೆಲ್ಲ ತಿರುವಿ ಕಾರಣ ಕಂಡುಹಿಡಿದೆ: ಬೀಗರೂಟ ಬಾಕಿ, ಆದ್ದರಿಂದ ಬೀಗರು ಉಪವಾಸ. ಮದುವೆಯ ವರ್ಷ ತುಂಬುವ ಹೊತ್ತಿಗೆ ಗೋವಾಕ್ಕೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಸಮುದ್ರ ನೋಡದ ಅಪ್ಪನನ್ನೂ ಕರೆದುಕೊಂಡು ಹೋಗೋಣ ಎಂದು ಸವಿತಾ ಹಟ ಹಿಡಿದಿದ್ದಳು. ಅತ್ತೆ ಬರುವಂತಿರಲಿಲ್ಲ, ಹಸುವಿನ ಹಾಲು ಕರೆಯುವವರು ಬೇಕಲ್ಲ. ಅಂದರೆ ನಾವಿಬ್ಬರು, ಜೊತೆಗೆ ನನ್ನ ಅವ್ವ, ಬೀಗರ ಕಡೆಯಿಂದ ಒಬ್ಬರೇ. ಊರಿಗೆ ಊರನ್ನೇ ಕರೆದು ಹಾಕಬೇಕಾದ ಊಟವನ್ನು ನಾಲ್ಕು ಕುರ್ಚಿಯ ಒಂದು ಟೇಬಲಿನಲ್ಲಿ ಮುಗಿಸಬಹುದು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅವ್ವನಿಗೆ ಹೇಳಿದಾಗ ಅವ್ವ ಕೇಳಿದ್ದು ಇಷ್ಟೇ: "ಗೋವಾದಲ್ಲಿ ಬೀಗರೂಟವಾ? ಮರಿ ಯಾರ್ಲಾ ಕುಯ್ಯೋರು?"

ಇನ್ನು ಹೋಟೆಲ್ ಆರಿಸುವ ಕೆಲಸ. ಮೀನಿನ ಹೋಟೆಲುಗಳನ್ನು ಮೊದಲೇ ಹೊಡೆದುಹಾಕಿದೆ. ಬೀಗರಿಗೆ ಮೀನು ಬಡಿಸಿದವರನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಉತ್ತರ ಭಾರತದ ಊಟ ಹೆದ್ದಾರಿಯುದ್ದಕ್ಕೂ ಸಿಗುತ್ತದೆ. ಚೀನೀ ಊಟವೆಂದರೆ ಮಳವಳ್ಳಿಯ ಪ್ರತಿ ಮೂಲೆಯಲ್ಲೂ ಒಂದು ಗೋಬಿ ಮಂಚೂರಿ ಗಾಡಿ. ಉಳಿದದ್ದು ಮೆಕ್ಸಿಕೋ. ಓದಿ ನೋಡಿದರೆ ಅದೂ ರೊಟ್ಟಿ, ಕಾಳು, ಮೆಣಸಿನಕಾಯಿ ತಿನ್ನುವ ಜನರ ನಾಡು. ಕುರಿಮರಿಯ ಕಾಲನ್ನು, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಸಮೇತ ಗಂಟೆಗಟ್ಟಲೆ ಬೇಯಿಸುತ್ತಾರಂತೆ. ರುಚಿ ನಮ್ಮದು, ಗೌರವ ಪರದೇಶದ್ದು. ವಾರಗಟ್ಟಲೆ ರಾತ್ರಿ ಕೂತು ವಿಮರ್ಶೆಗಳನ್ನು ಓದಿದೆ. ಒಬ್ಬಳು 'ಇಲ್ಲಿನ ದೀಪಗಳ ಬೆಳಕಿನಲ್ಲಿ ನನ್ನನ್ನು ನಾನು ಕಂಡುಕೊಂಡೆ' ಎಂದು ಬರೆದಿದ್ದಳು. ತಟ್ಟೆಯಲ್ಲಿ ಏನು ಕಂಡಳೋ ಬರೆದಿರಲಿಲ್ಲ. ಇನ್ನೊಬ್ಬ, ಕಾರು ನಿಲ್ಲಿಸಿದಲ್ಲಿ ಮರಳಿತ್ತು ಎಂದು ಒಂದೇ ನಕ್ಷತ್ರ ಕೊಟ್ಟಿದ್ದ. ಸಮುದ್ರದ ದಂಡೆಯಲ್ಲಿ ಕೆಮ್ಮಣ್ಣು ಇರಬೇಕಿತ್ತೇನೋ. ಕೊನೆಗೆ ವಾತಾವರಣ, ಮಾಂಸ, ಸೇವೆ ಎಂದು ಅಂಕ ಹಾಕಿ ಅತಿ ಶ್ರೀಮಂತವಾಗಿ ಕಂಡ ಒಂದನ್ನು ಆರಿಸಿದೆ. ಟೇಬಲ್ ಕಾದಿರಿಸುವಾಗ ಫೋನು 'ವಿಶೇಷ ಸಂದರ್ಭ ಯಾವುದು' ಎಂದು ಕೇಳಿತು. ಹುಟ್ಟುಹಬ್ಬ, ವಾರ್ಷಿಕೋತ್ಸವ, ಪ್ರೇಮ ನಿವೇದನೆ ಇದ್ದವು. ಬೀಗರೂಟ ಇರಲಿಲ್ಲ. 'ಇತರೆ' ಎಂದು ಒತ್ತಿದೆ.

ಗೋವಾದಲ್ಲಿ ಮಾವ ಸಮುದ್ರ ನೋಡಿ, "ಇಷ್ಟ್ ನೀರಿಟ್ಕಂಡು ಒಂದ್ ಗದ್ದೆ ನಾಟಿ ಮಾಡಾಕಾಗಲ್ವಲ್ಲ" ಎಂದು ಬೇಸರ ಪಟ್ಟುಕೊಂಡರು. ಸಂಜೆ ಬಿಳಿ ಪಂಚೆ ಉಟ್ಟು ಹೊರಟರು. ಬೀಗರೂಟ ಎಂದು ಅವ್ವ ಎಲೆ ಅಡಿಕೆ ಇಟ್ಟು ಕ್ರಮವಾಗಿಯೇ ಕರೆದಿದ್ದರು. ಒಳಗೆ ಹೋದರೆ, ಟೇಬಲಿಗೊಂದು ಮಿಣುಕು ದೀಪ ಬಿಟ್ಟು, ನನ್ನ ಅಂಗೈ ನನಗೆ ಕಾಣದಷ್ಟು ಕತ್ತಲು. "ಕರೆಂಟು ಓಗೈತಾ?" ಎಂದು ಮಾವ ಕೇಳಿದರು. ಇಲ್ಲ, ಇದೇ ವಾತಾವರಣ ಎಂದೆ. ಕರಿ ಕೋಟಿನ ಸರ್ವರ್ ಒಬ್ಬ ಕಲ್ಲಿನ ಒರಳು ತಂದು ಟೇಬಲಿನ ಮೇಲಿಟ್ಟು, ನಮ್ಮೆದುರಿಗೇ ಬೆಣ್ಣೆಹಣ್ಣಿಗೆ ಈರುಳ್ಳಿ, ಮೆಣಸಿನಕಾಯಿ ಸೇರಿಸಿ ಕುಟ್ಟಿದ. ಅವ್ವ ಪಿಸುಗುಟ್ಟಿದರು: "ಬೀಗರ ಮುಂದೆ ನಿಂತ್ಕಂಡು ಚಟ್ನಿ ಅರೀತಾನಲ್ಲ, ಇವ್ರಿಗೆ ಅಡುಗೆಮನೆ ಇಲ್ವೇನ್ಲಾ?" ತೆಳ್ಳನೆಯ ಹಳದಿ ರೊಟ್ಟಿ ಬಂತು. ಮಾವ ಮುರಿದು ಮೂಸಿದರು. "ಇದು ಹಸೀಗೆ ಹಾಕೋ ಜೋಳ ಅಲ್ವಾ?" ಅದೇ ಮುಸುಕಿನ ಜೋಳ. ಮದ್ದೂರು ಸೀಮೆಯಲ್ಲಿ ಸೀಮೆಹಸುಗಳು ಪುಕ್ಕಟೆ ತಿನ್ನುವುದನ್ನು ನಾನು ಅಂಕ ಹಾಕಿ ಆರಿಸಿದ್ದೆ.

ಆಮೇಲೆ ಕುರಿಮರಿಯ ಕಾಲು ದೊಡ್ಡ ಬಟ್ಟಲಿನಲ್ಲಿ ಬಂತು. ವಾಸನೆಗೆ ಮಾವನ ಮುಖ ಅರಳಿತು. ಸರ್ವರ್ ಎಲ್ಲರಿಗೂ ಇಷ್ಟಿಷ್ಟು ಬಡಿಸಿದ. ನಾನು ಮಾವನ ಪಕ್ಕದಲ್ಲೇ ಕೂತು, ಆಯ್ಕೆ ಸರಿಯಾಯಿತು ಎಂದು ತೃಪ್ತಿಯಿಂದ ತಿನ್ನತೊಡಗಿದೆ. ಸ್ವಲ್ಪ ಹೊತ್ತಿಗೆ ಅವನು ಬಟ್ಟಲನ್ನು ಮಾವನ ಹತ್ತಿರ ತಂದು, ನಲ್ಲಿ ಮೂಳೆಯ ತುಂಡನ್ನೇ ಚಮಚದಲ್ಲಿ ಎತ್ತಿ, ಹಾಕಲೇ ಎಂಬಂತೆ ನೋಡಿದ. ಮಾವ, "ಬ್ಯಾಡ ಬ್ಯಾಡ, ಸಾಕು" ಎಂದು ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದರು. ನಮ್ಮ ಕಡೆಯವರು ಕೈ ಅಡ್ಡ ಹಿಡಿದರೆ ಬೆರಳುಗಳ ನಡುವೆ ಒಂದು ತುಂಡು ಬೀಳುವಷ್ಟು ಜಾಗ ಇದ್ದೇ ಇರುತ್ತದೆ. ಬಡಿಸುವವನು ಅದನ್ನು ನೋಡಿ ಹಾಕಬೇಕು. ಕೋಟಿನವನು ಅದನ್ನು ಎಲ್ಲಿ ಕಲಿಯಬೇಕು? ತಲೆಬಾಗಿ ನಮಸ್ಕರಿಸಿ, ಬಟ್ಟಲನ್ನೇ ಎತ್ತಿಕೊಂಡು ಹೊರಟುಹೋದ.

ಮಾವ ಕೈ ಹಾಗೇ ಹಿಡಿದುಕೊಂಡು, ಹೋಗುತ್ತಿರುವ ನಲ್ಲಿ ಮೂಳೆಯನ್ನು ನೋಡಿದರು. ಆಮೇಲೆ ಕೈ ಮಡಿಲಿಗೆ ಇಳಿಯಿತು. ಸವಿತಾಳ ಕಣ್ಣು ತುಂಬಿತ್ತು. ಬಸ್ ಸ್ಟ್ಯಾಂಡಿನ ಚಿತ್ರಾನ್ನವನ್ನು ನೋಡಿದ ದಿನದ್ದೇ ಮುಖ. ಅವ್ವ ಟೇಬಲಿನ ಕೆಳಗೆ ನನ್ನ ಕಾಲು ತುಳಿದರು.

"ಬೀಗರೂಟ ಹಾಕೋನು ಬೀಗರ ಜೊತೆ ಕುಂತ್ಕಂಡು ಬಾಯಾಡಿಸ್ತಾನೇನ್ಲಾ? ಎದ್ದೇಳು ಮ್ಯಾಲಕ್ಕೆ."

ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಸರ್ವರನನ್ನು ಹಿಡಿದು ಬಟ್ಟಲು ಕಸಿದುಕೊಂಡೆ. ಮಡಿಲಿಗೆ ಹಾಸಿಕೊಳ್ಳಲು ಹೋಟೆಲಿನವರು ಕೊಟ್ಟಿದ್ದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ಮಾವನ ಮುಂದೆ ಬಗ್ಗಿದೆ.

"ಮಾವ, ಒಂದೇ ಒಂದು."

"ಬ್ಯಾಡ ಕಣಪ್ಪ, ಆಯ್ತು."

"ನೀವು ಉಣ್ಣದಿದ್ರೆ ನಿಮ್ಮ ಮಗಳು ಉಣ್ಣಲ್ಲ."

"ಒಟ್ಟೇಲಿ ಜಾಗಿಲ್ಲ ಕಣಯ್ಯ" ಎಂದು ಕೈ ಅಡ್ಡ ಹಿಡಿದರು. ಬೆರಳುಗಳ ನಡುವಿನ ಜಾಗ ಈಗ ಇನ್ನೂ ಅಗಲವಾಗಿತ್ತು. ಹಾಕಿದೆ. ಮಾವ ಮೂಳೆಯನ್ನು ತಟ್ಟೆಗೆ ಟಣ್ಣೆಂದು ಕುಟ್ಟಿ ಹೀರಿದರು. ಕತ್ತಲಲ್ಲಿ ತಮ್ಮನ್ನು ತಾವು ಕಂಡುಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರ್ ಓಡಿಬಂದು ಏನಾದರೂ ತೊಂದರೆಯೇ ಎಂದು ಕೇಳಿದ, ಪದ್ಧತಿ ಎಂದೆ. ಪಕ್ಕದ ಟೇಬಲಿನವರು ನನ್ನ ಕಡೆ ಬೆರಳು ಮಾಡಿ ನೀರು ಕೇಳಿದರು. ಕೊಟ್ಟೆ. ಬಟ್ಟಲು ಖಾಲಿಯಾಗುವವರೆಗೆ ನಾನು ಕೂರಲಿಲ್ಲ.

ಹೊರಗೆ ಬಂದು ಅವ್ವ ಕೊಟ್ಟ ಎಲೆ ಅಡಿಕೆ ಮೆಲ್ಲುತ್ತಿದ್ದ ಮಾವನನ್ನು ಕೇಳಿದೆ: "ಇನ್ನು ಬೀಗರೂಟ ಆಯ್ತಲ್ಲ ಮಾವ, ನಮ್ಮನೇಲಿ ಊಟ ಮಾಡ್ತೀರಾ?"

ಮಾವ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದರು.

"ಬೀಗರೂಟ ಹಾಕ್ದೆ ಉಣ್ಣಾಕಿಲ್ಲ ಅಂತ ನಾನ್ ಯಾವತ್ತಪ್ಪ ಅಂದೆ? ಅದು ಊರೋರ್ಗೆ ಹಾಕೋದು, ಇನ್ನೂ ಬಾಕಿ ಅದೆ, ಆ ಲೆಕ್ಕ ಬ್ಯಾರೆ. ನಾನ್ ಬಂದಾಗೆಲ್ಲ ನೀನು ಫೋನ್ ನೋಡ್ಕಂಡು 'ಊಟ ಮಾಡ್ತೀರಾ' ಅಂತೀಯ. ಮಾಡ್ತೀರಾ ಅಂತ ಕೇಳುದ್ರೆ ಯಾವ ಬೀಗ ಊ ಅಂತಾನೆ? ಬ್ಯಾಡ ಅಂದ್ರೆ ಅದ್ನೇ ಬರ್ಕತೀಯ. ತಟ್ಟೆ ಇಕ್ಕಿ 'ಏಳಿ' ಅಂದಿದ್ರೆ ಮುದ್ದೆ ಉಪ್ಸಾರ್ಗೂ ಕುಂತ್ಕತಿದ್ದೆ."

ಬಟ್ಟಲು ಎತ್ತಿಕೊಂಡು ಹೋದ ಕೋಟಿನವನನ್ನು ನಾನು ಮನಸ್ಸಿನಲ್ಲೇ ದಡ್ಡನೆಂದು ಬೈದಿದ್ದೆ. ಅವನು ಮಾಡಿದ್ದು ಒಂದು ಸಂಜೆ. ನಾನು ಅದನ್ನೇ ತಾರೀಖು ಹಾಕಿ ವರ್ಷವಿಡೀ ಮಾಡಿದ್ದೆ.

ಊರಿಗೆ ಬಂದ ಮೇಲಿನ ಭಾನುವಾರ ಮಾವ ಬಂದರು. ಸವಿತಾ ಏನೂ ಕೇಳದೆ ತಟ್ಟೆ ಇಟ್ಟಳು. ನಾನು "ಏಳಿ ಮಾವ" ಎಂದೆ. ಎರಡು ಮುದ್ದೆ ಉಂಡು, ಮೂರನೆಯದಕ್ಕೆ ಕೈ ಅಡ್ಡ ಹಿಡಿದರು. ಬಡಿಸುತ್ತಾ ನಿಂತಿದ್ದಾಗಲೇ ನನ್ನ ಫೋನು, ಗೋವಾದ ಆ ಹೋಟೆಲ್ ಹೇಗಿತ್ತು, ನಕ್ಷತ್ರ ಕೊಡಿ ಎಂದು ಕೇಳಿತು. ರುಚಿ ಎಂಬಲ್ಲಿ ಏನು ಒತ್ತಲಿ, ನಾನು ಎರಡು ತುತ್ತಿಗೆ ಎದ್ದವನು. ವಾತಾವರಣ ಕಾಣಿಸಿರಲಿಲ್ಲ. ಸೇವೆಗೆ ಮಾತ್ರ, ಬಡಿಸಿದ್ದು ನಾನೇ ಅಲ್ಲವೇ, ಹಿಂದೆಮುಂದೆ ನೋಡದೆ ಐದಕ್ಕೆ ಐದು ಕೊಟ್ಟೆ. ನಾನು ರಾತ್ರಿಯೆಲ್ಲ ಕೂತು ಓದಿ ನಂಬಿದ ವಿಮರ್ಶೆಗಳೂ ನನ್ನಂಥವರೇ ಬರೆದವಿರಬೇಕು.