ಹಚ್ಚದ ಮೇಣದಬತ್ತಿ

ಬೆಂಕಿಪೊಟ್ಟಣ ಒದ್ದೆಯಾಗಿದೆ ಎಂಬುದು ವಿಜ್ಞಾನದ ಮೇಷ್ಟ್ರಿಗೆ ಗೊತ್ತಾದದ್ದು, ತರಬೇತಿಯ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತು ಪೆನ್ನಿನ ಮುಚ್ಚಳ ತೆಗೆದ ಮೇಲೆ.

ಉತ್ತರ ಹೇಳಿಕೊಡುವ ಪಾಠ ಸಾಕು, ಮಕ್ಕಳೇ ಪ್ರಶ್ನೆ ಕೇಳಿ, ಮಾಡಿ ನೋಡಿ ಕಲಿಯಲಿ ಎಂಬುದು ಮೇಡಂ ಹೇಳಿಕೊಟ್ಟಿದ್ದ ಹೊಸ ಪದ್ಧತಿ. ಇವತ್ತಿನ ಪಾಠ ಅವರಿಗೆ ಹಿಡಿಸಿದರೆ ಮೇಷ್ಟ್ರ ಹಂಗಾಮಿ ಕೆಲಸ ಕಾಯಂ. ಇಲ್ಲದಿದ್ದರೆ ಗಂಟುಮೂಟೆ.

ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕುಳಿತರೆ? ಅದಕ್ಕೆ ಲೆಕ್ಕದ ಮೇಷ್ಟ್ರು ಬೆಳಿಗ್ಗೆಯೇ ಮದ್ದು ಅರೆದಿದ್ದರು. "ಮಗ್ಗಿ ಬಾಯಿಪಾಠ ಮಾಡ್ಸೋನಿಗೆ ಪ್ರಶ್ನೆ ಮಾಡ್ಸೋದು ಏನ್ ಮಹಾ ರೀ?" ಎಂದು ತಲೆಗೊಂದು ಪ್ರಶ್ನೆ ಹಂಚಿ, ಹಾಜರಿ ಕರೆಯುವ ಕ್ರಮದಲ್ಲೇ ಉರುಹೊಡೆಸಿದ್ದರು.

ಮೇಜಿನ ಮೇಲಿನ ಮೇಣದಬತ್ತಿ ಹಚ್ಚಲು ವಿಜ್ಞಾನದ ಮೇಷ್ಟ್ರು ಕಡ್ಡಿ ಗೀರಿದರು. ಹತ್ತಲಿಲ್ಲ. ಇನ್ನೊಂದರ ತಲೆಯೇ ಕಳಚಿ ಬಿತ್ತು. ಅಷ್ಟರಲ್ಲಿ ಮೊದಲನೆಯವನು ಕೀಲಿ ಕೊಟ್ಟ ಬೊಂಬೆಯಂತೆ ಎದ್ದ.

"ಸಾರ್, ಲೋಟ ಮುಚ್ಚಿದ್ ಕೂಡ್ಲೇ ಮೇಣದಬತ್ತಿ ಯಾಕೆ ಆರಿಹೋಯ್ತು ಸಾರ್?"

"ಇನ್ನೂ ಹಚ್ಚೇ ಇಲ್ವಲ್ಲೋ!"

"ಸಾರ್, ಆರಿದ್ಮೇಲೆ ಹೊಗೆ ಯಾಕೆ ಬಂತು ಸಾರ್?" ಎರಡನೆಯವಳು.

ಮೇಡಂ ಹುಬ್ಬೇರಿಸಿದರು. "ಒಂದ್ನಿಮಿಷ ಮೇಡಂ," ಎಂದವರೇ ಮೇಷ್ಟ್ರು ಬಾಲ ಸುಟ್ಟ ಬೆಕ್ಕಿನಂತೆ ಹೊರಗೋಡಿದರು.

"ಹೆಡ್‌ಮಾಸ್ಟ್ರು ಹೇಳ್ದೆ ಒಂದ್ ಕಡ್ಡೀನೂ ಕೊಡಲ್ಲ," ಎಂದ ಜವಾನ. ಹೆಡ್‌ಮಾಸ್ಟ್ರು ಫೋನಿನಲ್ಲಿದ್ದರು. ದಾರಿಯಲ್ಲಿ ಲೆಕ್ಕದ ಮೇಷ್ಟ್ರು ತೋಳು ಹಿಡಿದು ನಿಲ್ಲಿಸಿದರು: "ನನ್ ಪ್ರಶ್ನೆಗಳು ಹೆಂಗಿದ್ವು? ಮೇಡಂ ಬೆರಗಾದ್ರಾ?"

ಅಂತೂ ಪೊಟ್ಟಣ ಗಿಟ್ಟಿಸಿ, ಬೆವರು ಒರೆಸುತ್ತ ಮರಳಿದರೆ ತರಗತಿಯಲ್ಲಿ ಸಂತೆ.

"ಒದ್ದೆ ಆಗಿರೋದು ಕಡ್ಡಿ ಅಲ್ಲ ಕಣೇ, ಪಕ್ಕದ ಪಟ್ಟಿ!"

"ಸುಮ್ನಿರೋ! ಎರಡನ್ನೂ ಬೇರೆಬೇರೆ ಒಣಗ್ಸಿ ನೋಡೋಣ, ಗೊತ್ತಾಗುತ್ತೆ."

ಮೇಡಂ ನೆಲದ ಮೇಲೆ ಕುಳಿತು, ಕಿಟಕಿಯ ಬಿಸಿಲಿಗೆ ಆ ಒದ್ದೆ ಪೊಟ್ಟಣ ಹಿಡಿದಿದ್ದರು. ಚರ್‍ ಎಂದು ಕಡ್ಡಿ ಹತ್ತಿತು. ಮಕ್ಕಳು ಕುಣಿದರು.

"ಬೇಕಂತ್ಲೇ ಒದ್ದೆ ಪೊಟ್ಟಣ ಇಟ್ಟು ಹೊರಗೆ ಹೋದ್ರಲ್ಲ, ಏನ್ ಧೈರ್ಯ ನಿಮ್ದು!" ಮೇಡಂ ಕಣ್ಣರಳಿಸಿದರು. ಮೇಷ್ಟ್ರು ಕೈಯಲ್ಲಿದ್ದ ಹೊಸ ಪೊಟ್ಟಣ ಜೇಬಿಗಿಳಿಸಿ ನಕ್ಕರು. "ನೂರಕ್ಕೆ ನೂರು!" ಎಂದರು ಮೇಡಂ.

ಸಂಜೆ ಹೆಡ್‌ಮಾಸ್ಟ್ರ ಕೋಣೆಗೆ ಮೇಷ್ಟ್ರು ಮದುಮಗನಂತೆ ನಡೆದರು.

"ಬನ್ನಿ, ಬನ್ನಿ! ಶಾಲೆ ಮಾನ ಉಳಿಸಿದ್ರಿ. ನಾಳೆಯಿಂದ ನೀವು ಬರೋದು ಬೇಡ."

"ಸಾರ್! ನೂರಕ್ಕೆ ನೂರು..."

"ಅದಕ್ಕೇ ರೀ. ನೀವು ಹೊರಗಿದ್ರೇನೇ ಪಾಠ ಇಷ್ಟು ಚೆನ್ನಾಗಿ ಆಗುತ್ತೆ ಅಂತ ಮೇಡಮ್ಮೇ ಹೇಳಿಹೋದ್ರು. ಇನ್ನು ಹೊರಗಿರೋ ಕೆಲಸಕ್ಕೆ ಜನ ಯಾಕೆ?"

"ಆದ್ರೆ ಸಾರ್, ನಾನು ಯಾಕೆ..."

ಹೆಡ್‌ಮಾಸ್ಟ್ರು ಕೈಯೆತ್ತಿ ತಡೆದರು. "ನೋಡಿ, ಪ್ರಶ್ನೆ ಕೇಳೋದು ಮಕ್ಕಳ ಕೆಲಸ."