ಒಂದು ಗೀರೂ ಇಲ್ಲದ ನಾಣ್ಯ

ಶ್ರಾವಣದ ಮೂರನೇ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ತನ್ನ ಗಂಧದ ಡಬ್ಬಿಯ ಮುಚ್ಚಳ ತೆಗೆದ ಮುನಿಕೃಷ್ಣಪ್ಪ, ಒಳಗೆ ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಹಾರಿದ. ಡಬ್ಬಿಯೊಳಗಿದ್ದ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಫಳಫಳ ಹೊಳೆಯುತ್ತಿತ್ತು.

ಹೊಳೆಯುವ ಬೆಳ್ಳಿ ಕಂಡು ಎದೆ ಹಿಡಿದುಕೊಳ್ಳುವವನು ಶ್ರೀನಿವಾಸಪುರದಲ್ಲೆಲ್ಲ ಅವನೊಬ್ಬನೇ. ರೇಷ್ಮೆ ಇಲಾಖೆಯ ನೌಕರ ಅವನು. ಹುಳುವಿನ ಮೈಮೇಲೆ ರೋಗದ ಚುಕ್ಕೆ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ ನೋಡಿ, ಆ ಚಾಳಿ ನಾಣ್ಯಗಳಿಗೂ ಹತ್ತಿಕೊಂಡಿತ್ತು. ಯಾರು ನಾಣ್ಯ ತೋರಿಸಿದರೂ ಬಿಸಿಲಿಗೆ ಓರೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇದನ್ನ ಪಂಚೆ ತುದೀಲಿ ಒರೆಸಿದೀರಿ. ಅಂಚಿಗೆ ಅರ ಉಜ್ಜಿದೀರಿ" ಎಂದು ಬಿಡುತ್ತಿದ್ದ. ತೋರಿಸಿದವರು ಜಾತಕದಲ್ಲಿ ದೋಷ ಹೇಳಿಸಿಕೊಂಡವರಂತೆ ಎದ್ದು ಹೋಗುತ್ತಿದ್ದರು.

ಅವನ ಸ್ವಂತದ್ದು ಒಂದೇ ನಾಣ್ಯ. ಎಪ್ಪತ್ತೆರಡರಲ್ಲಿ, ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷಕ್ಕೆಂದು ಸರ್ಕಾರ ಹೊರಡಿಸಿದ್ದನ್ನು ಮಾವ ಕೊಟ್ಟಿದ್ದರು. ಏಳು ವರ್ಷ ಗಂಧದ ಡಬ್ಬಿಯಲ್ಲಿ, ಹಳೆಯ ಕಾಗದದ ಮಡಿಕೆಯಲ್ಲಿ ಮಲಗಿದ ಬೆಳ್ಳಿಗೆ ತಾನಾಗಿ ಬಣ್ಣ ಬಂದಿತ್ತು. ಅಂಚಿನಲ್ಲಿ ಜೇನು, ಅದರೊಳಗೆ ನವಿಲುಕತ್ತಿನ ನೀಲಿ, ನಡುವೆ ಮಾವಿನ ತೋಪಿನ ಹಿಂದೆ ಹೊತ್ತು ಮುಳುಗುವಾಗಿನ ತೆಳುಗೆಂಪು. ಕಾಲವೇ ಕೂತು ಬಳಿಯುವ ಈ ಬಣ್ಣವನ್ನು ಯಾರೂ ಮಾಡಲಾರರು, ಉಜ್ಜಿದರೆ ಮತ್ತೆ ಬಾರದು ಎಂದು ಮುನಿಕೃಷ್ಣಪ್ಪ ದೇವರ ಮಹಿಮೆ ಹೇಳುವವನ ಹಾಗೆ ಹೇಳುತ್ತಿದ್ದ. ಮನೆಯವರ ಕಣ್ಣಿಗೆ ಮಾತ್ರ ಅದು ಕರ್ರಗಾದ ರೂಪಾಯಿ.

ಇಂದು ಹನ್ನೊಂದರ ಬಸ್ಸಿಗೆ ಕೋಲಾರದಿಂದ ಸುಬ್ಬರಾಯಪ್ಪನವರು ಬರುವವರಿದ್ದರು. ನಾಳೆ ಕೋಲಾರದಲ್ಲಿ ನಾಣ್ಯಪ್ರಿಯರ ಪ್ರದರ್ಶನ. ನಡುವಿನ ಗಾಜಿನ ಪೆಟ್ಟಿಗೆಯಲ್ಲಿಡುವ ಒಂದೇ ಒಂದು ನಾಣ್ಯವನ್ನು ಆರಿಸುವವರು ಅವರು. ಪಕ್ಕದಲ್ಲಿ ಒಡೆಯನ ಹೆಸರಿನ ಚೀಟಿ. ಹೋದ ವರ್ಷ ಇದೇ ಸುಬ್ಬರಾಯಪ್ಪನವರ ನಾಣ್ಯವನ್ನೆತ್ತಿ ಮುನಿಕೃಷ್ಣಪ್ಪ ನೂರು ಜನರೆದುರು, "ಸಾರ್, ಇದನ್ನ ಬೂದಿ ಹಾಕಿ ಉಜ್ಜಿದಾರೆ. ಕೂದಲಿನಂಥ ಗೀರು ನೋಡಿ" ಎಂದಿದ್ದ. ಅವರು ಇಂದು ಎಂಥ ಕಣ್ಣು ತರುತ್ತಾರೆಂದು ನೆನೆದೇ ಅವನು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದ. ಬೆಳಿಗ್ಗೆ ಎದ್ದು ತನ್ನ ಗುಂಗುರು ಕ್ರಾಪಿಗೆ ಎರಡೆರಡು ಸಲ ಎಣ್ಣೆ ಹಚ್ಚಿ ಬಾಚಿದ್ದ. ಆ ಕ್ರಾಪಿನ ಮೇಲೆ ಅವನಿಗೆ ನಾಣ್ಯದಷ್ಟೇ ಮೋಹ.

"ರತ್ನಾ!"

ಹೆಂಡತಿ ವೆಂಕಟರತ್ನಮ್ಮ ಹಿತ್ತಿಲಿನಿಂದ ಬಂದಳು. ಎರಡೂ ಕೈಯಲ್ಲಿ ಹುಣಸೆಹಣ್ಣಿನ ಗಸಿ. ಅವಳ ಹಿಂದೆ ಕಳಸ, ದೀಪದ ಕಂಬ, ತಟ್ಟೆಗಳು ಸಾಲಾಗಿ ಮಿರುಗುತ್ತಿದ್ದವು.

"ನನ್ನ ನಾಣ್ಯ ಉಜ್ಜಿದೆಯೇನೇ?"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಶ್ರಾವಣ ಶನಿವಾರ ಮಂಗಳಾರತಿ ಆಗುವ ತನಕ ಅವಳದು ಮೌನ. ಉಳಿದ ಆರು ದಿನಗಳಲ್ಲಿ ಏಳು ದಿನದ ಮಾತು ಮುಗಿಸಿರುತ್ತಿದ್ದುದರಿಂದ ಅವಳಿಗೆ ಅದೇನೂ ಕಷ್ಟವಿರಲಿಲ್ಲ.

"ಹೂಂ ಅನ್ನು, ಉಹೂಂ ಅನ್ನು! ಹುಣಸೆಹಣ್ಣು ಬೂದಿ ಹಾಕಿ ಉಜ್ಜಿದೆಯಾ?"

ಅವಳು ನಗುನಗುತ್ತ ಹೌದೆಂದು ತಲೆಯಾಡಿಸಿದಳು. ಆಮೇಲೆ ಗೋಡೆಯ ಮೇಲಿನ ತನ್ನ ತಂದೆಯ ಪಟ ತೋರಿಸಿದಳು, ಡಬ್ಬಿ ತೋರಿಸಿದಳು, ದೇವರ ಮುಂದಿದ್ದ ಅರಿಶಿನದ ಬಟ್ಟೆಯ ಪುಟ್ಟ ಗಂಟಿನತ್ತ ತಿರುಗಿ ಕೈಮುಗಿದಳು. ಜಾಸ್ತಿ ಕೂಗಾಡಿದರೆ ಡಬ್ಬಿ ಸಮೇತ ಅಪ್ಪನ ಮನೆಗೆ ಹೋಗ್ತೀನಿ, ದೇವರಾಣೆ ಅಂತಿದಾಳೆ ಎಂದು ಮುನಿಕೃಷ್ಣಪ್ಪ ಅರ್ಥ ಮಾಡಿಕೊಂಡ. ಭೂತಗನ್ನಡಿ ತೆಗೆದು ನಾಣ್ಯವನ್ನು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಸತ್ತವರ ಮುಖವನ್ನು ಯಾರಾದರೂ ಭೂತಗನ್ನಡಿಯಲ್ಲಿ ನೋಡುತ್ತಾರೆಯೇ?

ಅವನ ಗೋಳಾಟ ಕೇಳಿ ಪಕ್ಕದ ಮನೆಯ ಅಕ್ಕಯಮ್ಮ ಗೋಡೆಯ ಮೇಲಿಂದ ಕತ್ತು ಚಾಚಿದಳು. ಅವಳ ವಯಸ್ಸು ಎಪ್ಪತ್ತು, ಕೋಳಿ ಹನ್ನೆರಡು.

"ಏಂ ನಾಯನಾ, ಏನಾಯ್ತು?"

"ಬೆಳ್ಳಿ ಹೊಳೀತಾ ಇದೆ ಅಕ್ಕಯಮ್ಮ!"

"ಅಯ್ಯೋ ದೇವುಡಾ! ಅದಕ್ಕೆ ಅಳ್ತಾರೇನಪ್ಪ?"

ಕಪ್ಪಾಗಬೇಕು, ಬಣ್ಣ ಬಣ್ಣವಾಗಿ ಕಪ್ಪಾಗಬೇಕು, ಅದೂ ಹನ್ನೊಂದು ಗಂಟೆಯೊಳಗೆ ಎಂದು ಅವನು ವಿವರಿಸಿದ. ಅಕ್ಕಯಮ್ಮ ಯೋಚಿಸಿದಳು.

"ನನ್ನ ಬೆಳ್ಳಿ ಉಂಗುರ ಹಿಂಗೇ ಆಗಿತ್ತು. ಬಾಣಂತಿ ಮಗಳಿಗೆ ದಿನಾ ಬೇಯಿಸಿದ ಮೊಟ್ಟೆ ಸುಲಿದು ಸುಲಿದು, ಮೊದಲು ಹಳದಿ ಆಯ್ತು, ಆಮೇಲೆ ನೀಲಿ, ಆಮೇಲೆ ಕಪ್ಪು. ಅಳಿಯ, ಚಿನ್ನ ಮಾಡಿಸ್ಕೊಂಡ್ಯಾ ಅತ್ತೆ ಅಂದ."

ಮುನಿಕೃಷ್ಣಪ್ಪನ ಮುಖ ಅರಳಿತು. "ಎರಡು ಮೊಟ್ಟೆ ಕೊಡಮ್ಮ!"

"ಥೂ ಥೂ! ಶ್ರಾವಣ ಶನಿವಾರ ಆ ಹೆಸರೆತ್ತಬ್ಯಾಡ. ಸ್ವಾಮಿ ಕಣ್ಣು ಕಿತ್ತಾನು." ಅವಳು ಕೆನ್ನೆ ಬಡಿದುಕೊಂಡು ಬೆನ್ನು ತಿರುಗಿಸಿದಳು. ಬೆನ್ನು ತಿರುಗಿಸಿಯೇ ಹೇಳಿದಳು: "ನಾನು ಈ ಕಡೆ ನೋಡ್ತಾ ಇದೀನಿ. ಆ ಕಡೆ ಮಂಕರಿ ಕೆಳಗೆ ಏನಿದ್ರೂ, ಯಾರು ತಗೊಂಡ್ರೂ ನಂಗೊತ್ತಿಲ್ಲ. ಎಡಗಡೆ ಇರೋದು ಕಾವಿಗೆ ಇಟ್ಟಿದೀನಿ, ಅದು ಮುಟ್ಟಬ್ಯಾಡ."

ಎರಡು ಮೊಟ್ಟೆಗಳನ್ನು ಜುಬ್ಬದ ಎರಡು ಜೇಬಿಗಿಳಿಸಿ ಅವನು ಬೀದಿಗೆ ಬರುವುದಕ್ಕೂ, "ವೆಂಕಟರಮಣಾ ಗೋವಿಂದಾ!" ಎಂಬ ಕೂಗು ಮೂಲೆ ತಿರುಗುವುದಕ್ಕೂ ಸರಿಹೋಯಿತು. ಹಣೆ ತುಂಬ ನಾಮ ಹಚ್ಚಿ, ಬೆಳಗಿದ ಚೊಂಬು ಹಿಡಿದು, ಮನೆಮನೆಯಲ್ಲಿ ಅಕ್ಕಿ ಬೇಡುವ ಹಿರಿಯರ ಗುಂಪು. ಮುಂದಾಳು ಆಂಜಿನಪ್ಪ ಮೇಷ್ಟ್ರು. ನಿವೃತ್ತರಾಗಿ ಐದು ವರ್ಷವಾಗಿದ್ದರೂ ಬೀದಿಯಲ್ಲಿ ಸಿಕ್ಕವರ ಹಾಜರಿ ತೆಗೆದುಕೊಳ್ಳುವುದನ್ನು ಅವರು ಬಿಟ್ಟಿರಲಿಲ್ಲ.

"ಏನಯ್ಯಾ ಮುನಿಕೃಷ್ಣಪ್ಪ, ಜೇಬು ಉಬ್ಬಿದೆ?"

"ನಿಂಬೆಹಣ್ಣು ಮೇಷ್ಟ್ರೇ. ಪೂಜೆಗೆ."

"ಜುಬ್ಬದೊಳಗಿಂದ ಬೆಳ್ಳಗೆ ಕಾಣ್ತದಲ್ಲಯ್ಯಾ?"

"ತಳಿ ಬೇರೆ ಮೇಷ್ಟ್ರೇ."

"ಆಂಧ್ರದ್ದಾ? ಇರ್ಲಿ. ಸ್ವಾಮಿ ಚೊಂಬು ಎದುರಿಗೆ ಬಂದಾಗ ಹಂಗೇ ನಿಂತಿರ್ತಾರೇನು? ಅಡ್ಡಬೀಳು."

"ಸೊಂಟ ಹಿಡ್ಕೊಂಡಿದೆ ಮೇಷ್ಟ್ರೇ..."

"ಅಡ್ಡಬಿದ್ರೆ ಬಿಟ್ಕೊಳ್ತದೆ. ಹೂಂ!"

ಒಂದನೇ ಕ್ಲಾಸಿನಲ್ಲಿ ಅವರ ಬೆತ್ತದ ರುಚಿ ಕಂಡಿದ್ದ ಮೈ ತಾನಾಗಿ ಬಗ್ಗಿತು. ಎಡ ಮಗ್ಗುಲು ಮಾತ್ರ ಮೇಲೆ ಎತ್ತಿ, ಬಿಸಿ ಕಾವಲಿಯ ಮೇಲೆ ಮಲಗಿದ ಹಲ್ಲಿಯಂತೆ ಅವನು ನಮಸ್ಕಾರ ಮಾಡಿದ. ಬಲ ಜೇಬು 'ಚಟ್' ಎಂದಿತು.

"ಏನಯ್ಯಾ ಇದು, ನಿಂಬೆರಸ ಇಷ್ಟು ಅಂಟಂಟಾಗಿ ಸೋರ್ತಾ ಇದೆ?"

"ಗೋವಿಂದಾ ಗೋವಿಂದಾ" ಎನ್ನುತ್ತ ಮುನಿಕೃಷ್ಣಪ್ಪ ಮನೆಯೊಳಕ್ಕೆ ಓಡಿದ. ಅವನ ಭಕ್ತಿಗೆ ಮೇಷ್ಟ್ರು ತಲೆದೂಗಿದರು.

ಅಡಿಗೆಮನೆಯಲ್ಲಿ ಹೆಂಡತಿ ಮಡಿಯುಟ್ಟು ತಂಬಿಟ್ಟಿನ ದೀಪಕ್ಕೆ ಅಕ್ಕಿಹಿಟ್ಟು ಕಲಸುತ್ತಿದ್ದಳು. ಅಲ್ಲಿ ಮೊಟ್ಟೆಯ ಹೆಸರು ಹೇಳುವಂತಿಲ್ಲ. ಉಳಿದದ್ದು ಬಚ್ಚಲ ಹಂಡೆ. ಕುದಿಯುವ ಸ್ನಾನದ ನೀರಿಗೆ ಮೊಟ್ಟೆಯನ್ನು ಬಿಟ್ಟು, ಹೊಗೆಗೆ ಕಣ್ಣುಜ್ಜುತ್ತ ಅರ್ಧ ಗಂಟೆ ಕುಳಿತ. ಬೆಂದದ್ದನ್ನು ತಂಬಿಗೆಯನ್ನೇ ಬಲೆ ಮಾಡಿ ಹಿಡಿದು, ಸುಲಿದು, ಹಳದಿಯನ್ನು ಬಿಸಿಯಾಗಿದ್ದಂತೆಯೇ ಕಾಫಿಪುಡಿ ಡಬ್ಬಿಯಲ್ಲಿ ಪುಡಿಮಾಡಿ, ನಡುವೆ ನಾಣ್ಯವನ್ನಿಟ್ಟು, ಮುಚ್ಚಳ ಬಿಗಿದು ಕಂಕುಳಲ್ಲಿಟ್ಟುಕೊಂಡ. ಎರಡು ಗಂಟೆಯ ಹೊತ್ತು ಅವನೇ ಕಾವು ಕೂತ ಕೋಳಿಯಾದ. ವೆಂಕಟರತ್ನಮ್ಮ ಮೂಗರಳಿಸಿ ಬಾಗಿಲಿಗೆ ಬಂದು, ಸೆರಗಿನಿಂದ ಮೂಗು ಮುಚ್ಚಿ, ಕಣ್ಣಿನಲ್ಲೇ ಬೈದು ಒಳಗೆ ಹೋದಳು. ಮೌನದ ಬೆಲೆ ಅವನಿಗೆ ಅಂದು ತಿಳಿಯಿತು.

ಹನ್ನೊಂದಕ್ಕೆ ಡಬ್ಬಿ ತೆರೆದರೆ, ಬಣ್ಣ ಬಂದಿತ್ತು! ಹಳದಿ, ನೇರಳೆ, ನೀಲಿ. ಒಂದು ಕಡೆ ಮಾತ್ರ ಸುಟ್ಟ ರೊಟ್ಟಿಯ ಹಾಗೆ ಕಂದು. ತೊಳೆದು, ಅಂಚು ಹಿಡಿದು, ಗಂಧದ ಡಬ್ಬಿಗೆ ಸೇರಿಸುವಷ್ಟರಲ್ಲಿ ಬಾಗಿಲಲ್ಲಿ ಕೊಡೆ ಕಂಡಿತು.

ಸುಬ್ಬರಾಯಪ್ಪನವರು ಕಾಲು ತೊಳೆದು, ಮಜ್ಜಿಗೆ ಕುಡಿದು, ಜಗಲಿಯ ಬಿಸಿಲಿನಲ್ಲಿ ಕುಳಿತರು. ತಮ್ಮದೇ ಭೂತಗನ್ನಡಿ ತೆಗೆದು, ಪಂಚೆಯಲ್ಲಿ ಒರೆಸಿ, ನಾಣ್ಯವನ್ನು ಹೀಗೊಮ್ಮೆ ಹಾಗೊಮ್ಮೆ ಓರೆ ಮಾಡಿದರು. ಬಿಸಿಲು ಸಿಂಹದ ತಲೆಗಳ ಮೇಲೆ ಹರಿದು ಇಳಿಯಿತು. ಆಮೇಲೆ ನಾಣ್ಯವನ್ನು ಮೂಗಿನ ಹತ್ತಿರ ತಂದರು.

"ಮುನಿಕೃಷ್ಣಪ್ಪನೋರೇ, ನಿಮ್ಮ ನಾಣ್ಯ ಬೆಳಿಗ್ಗೆ ತಿಂಡಿ ಏನು ತಿಂತು?"

ಮುನಿಕೃಷ್ಣಪ್ಪನ ಕ್ರಾಪಿನೊಳಗಿಂದ ಬೆವರು ಇಳಿಯಿತು.

"ವರ್ಷಗಟ್ಲೆ ಬಂದ ಬಣ್ಣ ಅಂಚಿಂದ ಸ್ವಲ್ಪ ಸ್ವಲ್ಪವೇ ಒಳಗೆ ಬರ್ತದೆ, ಅಕ್ಷರದ ಸಂದುಗೊಂದೆಲ್ಲ ತುಂಬ್ಕೊಳ್ತದೆ. ಇದು ಬರೀ ಮೇಲೆ ಕೂತಿದೆ, ಮದುವೆಗೆ ಅಂತ ಗೋಡೆಗೆ ಹಚ್ಚಿದ ಸುಣ್ಣದ ಥರ. ಮೊಟ್ಟೆ ತಾನೇ?"

ಅವನು ಕೂತಲ್ಲೇ ಕುಸಿದ. "ಬಣ್ಣ ನಿಜವಾಗ್ಲೂ ಇತ್ತು ಸಾರ್, ವೆಂಕಟರಮಣನಾಣೆ! ಬೆಳಿಗ್ಗೆ ನಮ್ಮ ಮನೆಯವಳು ಹುಣಸೆಹಣ್ಣು ಬೂದಿ ಹಾಕಿ ಉಜ್ಜಿಬಿಟ್ಟಳು. ಅದಕ್ಕೇ ಹಿಂಗೆ ಮಾಡ್ದೆ."

ಸುಬ್ಬರಾಯಪ್ಪನವರು ಇನ್ನೊಮ್ಮೆ ಗಾಜು ಹಿಡಿದರು. ಈ ಸಲ ಬಹಳ ಹೊತ್ತು ನೋಡಿದರು. ಅವರ ಹುಬ್ಬು ಮೇಲೇರಿತು.

"ಯಾರ್ರೀ ಹೇಳಿದ್ದು ಉಜ್ಜಿದಾರೆ ಅಂತ? ಬೂದಿ ತಾಗಿದ್ರೆ ಕೂದಲಿನಂಥ ಗೀರು ಬೀಳ್ಬೇಕು. ನೀವೇ ನೂರು ಜನದ ಮುಂದೆ ನಂಗೆ ಪಾಠ ಹೇಳಿದ್ರಲ್ಲ! ಇದ್ರ ಮೇಲೆ ಒಂದು ಗೀರೂ ಇಲ್ಲ. ಟಂಕಸಾಲೆಯಿಂದ ಬಂದ ಮಂಜಿನಂಥ ಹೊಳಪು ಮೊಟ್ಟೆ ಅಡಿಯಲ್ಲಿ ಹಂಗೇ ಇದೆ. ಕೈಯೇ ತಾಗದ ನಾಣ್ಯಾರೀ ಇದು! ಮೊಟ್ಟೆ ಮುಟ್ಟಿಸದೆ ಹಂಗೇ ಕೊಟ್ಟಿದ್ರೆ ಕಣ್ಣು ಮುಚ್ಕೊಂಡು ಗಾಜಿನ ಪೆಟ್ಟಿಗೇಲಿ ಇಡ್ತಿದ್ದೆ."

ಅಷ್ಟರಲ್ಲಿ ಒಳಗೆ ಪೂಜೆಯ ಗಂಟೆ ಮೊಳಗಿತು. ಮಂಗಳಾರತಿ ತಟ್ಟೆ ಹಿಡಿದು ವೆಂಕಟರತ್ನಮ್ಮ ಜಗಲಿಗೆ ಬಂದಳು. ಬೆಳಗಿನಿಂದ ಕಟ್ಟೆಯೊಳಗೆ ನಿಂತಿದ್ದ ಮಾತು ಒಂದೇ ಸಲಕ್ಕೆ ಹೊರಬಿತ್ತು.

"ಅದು ನಿಮ್ದಲ್ಲಾರೀ, ನಂದು! ಅಪ್ಪ ಅವತ್ತು ಎರಡು ತಂದಿದ್ರು. ನನ್ನ ಪಾಲಿಂದು ಟ್ರಂಕಿನ ತಳದಲ್ಲಿ ಹತ್ತೀಲಿ ಸುತ್ತಿಟ್ಟಿದ್ದೆ, ಏಳು ವರ್ಷದಿಂದ ಮುಟ್ಟೂ ಇರ್ಲಿಲ್ಲ. ಇಷ್ಟು ದೊಡ್ಡೋರು ಬರ್ತಾರೆ, ಕರೀ ರೂಪಾಯಿ ತೋರಿಸೋಕಾಗ್ತದಾ ಅಂತ ನಿಮ್ಮ ಡಬ್ಬೀಲಿಟ್ಟೆ. ಅಪ್ಪನ ಪಟ ತೋರಿಸಿ ತೋರಿಸಿ ಹೇಳ್ದೆ, ನೀವು ಕೇಳಿದ್ರಾ? ಮೊಟ್ಟೆ ಹಿಡ್ಕೊಂಡು ಓಡಾಡಿದ್ರಿ, ಶನಿವಾರದ ದಿನ!"

"ಹಂಗಾದ್ರೆ... ನಂದೆಲ್ಲಿ?" ಮುನಿಕೃಷ್ಣಪ್ಪನ ದನಿ ಮತ್ತೆ ಜೀವ ಹಿಡಿಯಿತು.

"ಸ್ವಾಮಿ ಮುಂದೆ ಇದೆಯಲ್ಲ, ಅರಿಶಿನದ ಗಂಟಲ್ಲಿ. ಮುಡಿಪು ಕಟ್ಟಿದೀನಿ, ತಿರುಪತಿಗೆ. ನಿಮ್ಮ ಹೆಸರಲ್ಲಿ ಹೊತ್ತ ಹರಕೆಗೆ ನಿಮ್ಮ ಕಾಸೇ ಆಗ್ಬೇಕಲ್ಲ? ಕರ್ರಗಿರೋದನ್ನ ದೇವರಿಗೆ ಹೆಂಗೆ ಕೊಡೋದು ಅಂತ ಹುಣಸೆಹಣ್ಣು ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ. ಒಳ್ಳೇ ಕನ್ನಡಿ ಆಗಿದೆ."

ಮುನಿಕೃಷ್ಣಪ್ಪ ಎದ್ದ. ಸುಬ್ಬರಾಯಪ್ಪನವರು ಅವನ ತೋಳು ಹಿಡಿದರು. "ಕೂತ್ಕೊಳ್ರೀ. ಕಟ್ಟಿದ ಮುಡಿಪು ಬೆಟ್ಟ ಹತ್ತೋವರೆಗೂ ಬಿಚ್ಚೋ ಹಾಗಿಲ್ಲ." ಆಮೇಲೆ ಆರತಿಗೆ ಕೈಯೊಡ್ಡಿ ಮೆಲ್ಲಗೆ ಕೇಳಿದರು, "ಏನು ಹರಕೆ ತಾಯಿ?"

"ಇನ್ನೇನಣ್ಣ? ನೀವು ಎಷ್ಟೇ ಹುಡುಕಿದ್ರೂ ಇವ್ರು ತೋರ್ಸೋ ನಾಣ್ಯದ ಮೇಲೆ ಒಂದು ಗೀರೂ ಸಿಗಬಾರ್ದು ಅಂತ."

ಸುಬ್ಬರಾಯಪ್ಪನವರು ಭೂತಗನ್ನಡಿಯನ್ನು ಜೇಬಿಗಿಟ್ಟು ದೇವರ ಮನೆಯತ್ತ ಎರಡೂ ಕೈ ಜೋಡಿಸಿದರು.

"ಫಲಿಸ್ತು ತಾಯಿ. ಸಿಗಲಿಲ್ಲ."

ವೆಂಕಟರತ್ನಮ್ಮನ ಕಣ್ಣು ತುಂಬಿ ಬಂತು. ಗಂಡನ ಗುಂಗುರು ಕ್ರಾಪನ್ನು ಪ್ರೀತಿಯಿಂದ ನೋಡಿ, ಅವನ ಹಣೆಗೆ ಕುಂಕುಮವಿಟ್ಟಳು.

"ಹಂಗಿದ್ರೆ ತಡ ಮಾಡೋದು ಬ್ಯಾಡ ಕಣ್ರೀ, ಬರೋ ವಾರವೇ ಹೋಗಿಬರಾಣ. ಮುಡಿಪಿನ ಜೊತೆಗೆ ನಿಮ್ಮ ತಲೆಗೂದಲೂ ಕೊಡಿಸ್ತೀನಿ ಅಂತ ಹೇಳ್ಕೊಂಡಿದೀನಿ."