ನಾಜಲ್ ನೋಡುವ ಭಾವ

ನಮ್ಮ ಭಾವನವರು ಮದುವೆಗೆ ಹೋದರೆ ಹೆಣ್ಣನ್ನೂ ನೋಡುವುದಿಲ್ಲ, ಗಂಡನ್ನೂ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಅಲ್ಲಿ ಬೆಂಕಿ ಆರಿಸುವ ಪೈಪಿನ ಕೆಂಪು ಪೆಟ್ಟಿಗೆ ಕಂಡರೆ ಮುಗಿಯಿತು, ಪಾಯಸ ಬಡಿಸಿದ್ದರೂ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ. ಪೈಪಿನ ತುದಿಗೆ ಹಾಕುವ ನಾಜಲ್ ಇದೆಯೇ? ವಾಷರ್ ಒಣಗಿದೆಯೇ? ಬಾಯಿ ಸವೆದಿದೆಯೇ? ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಪರೀಕ್ಷೆ ಮಾಡಲಾರರು.

ಕುಣಿಗಲ್‌ನಲ್ಲಿ ನನ್ನ ಮದುವೆಯ ಧಾರೆಯ ಹೊತ್ತಿಗೂ ಅವರು ಇದ್ದದ್ದು ಅಲ್ಲೇ. ಪೆಟ್ಟಿಗೆಯೊಳಗೆ ಎರಡು ಪೊರಕೆ, ಅಡುಗೆಯವರ ಚಪ್ಪಲಿ ಸಿಕ್ಕವು.

"ನಾಜಲ್ ಎಲ್ರೀ?" ಎಂದು ಛತ್ರದ ಮ್ಯಾನೇಜರನ್ನು ಹಿಡಿದರು.

"ಒಳಗೆ ಭದ್ರವಾಗಿಟ್ಟಿದೀವಿ ಸಾರ್. ಹಿತ್ತಾಳೆ ಅಲ್ವಾ, ಎತ್ಕೊಂಡೋಗ್ತಾರೆ."

"ಬೆಂಕಿ ಬಿದ್ರೆ?"

"ಶುಭಕಾರ್ಯದಲ್ಲಿ ಅಂಥ ಮಾತು ಯಾಕ್ ಸಾರ್."

ಅಕ್ಕ ಬಂದು ತೋಳು ಹಿಡಿದಳು. "ರೀ, ನಿಮ್ ಬಾಮೈದನ್ ಮದ್ವೆ ಕಣ್ರೀ. ಅಕ್ಷತೆ ಹಾಕ್ಬನ್ನಿ."

"ಇರೇ, ಈ ವಾಲ್ವ್ ತಿರುಗ್ತಾನೇ ಇಲ್ಲ."

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಭಾವನವರ ಬೆನ್ನು ಮಾತ್ರ ಇದೆ.

ಅವರು ಲೇತ್ ಕೆಲಸದವರು. ತುಮಕೂರಿನ ಸದಾಶಿವನಗರದ ಮನೆಯ ಮಹಡಿಯೇ ಅವರ ಪ್ರಯೋಗಶಾಲೆ. ಯಾವ ನಾಜಲ್‌ನಿಂದ ನೀರು ಎಷ್ಟು ದೂರ ಹೋಗುತ್ತದೆ, ಎಷ್ಟು ಅಗಲ ಹರಡುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳೆಯುತ್ತಿದ್ದರು. ಪಕ್ಕದ ಮಹಡಿಯ ಸಂಡಿಗೆ ಮೂರು ಸಲ ನೆನೆಯಿತು. ನಾಲ್ಕನೆಯ ಸಲ ಆ ಮನೆಯಾಕೆ ಮೊದಲೇ ಕೇಳಿದರು: "ಇವತ್ತು ಉದ್ದಕ್ಕೋ, ಅಗಲಕ್ಕೋ? ಹೇಳ್ಬುಡಿ, ನೋಡ್ಕೊಂಡು ಒಣಗಾಕ್ತೀನಿ."

ಇಂಥವರನ್ನು ನಾನು ಗುಬ್ಬಿಯ ಹತ್ತಿರದ ನಮ್ಮ ತೆಂಗಿನ ನಾರಿನ ಫ್ಯಾಕ್ಟರಿಗೆ ಕರೆದುಕೊಂಡು ಹೋದೆ. ನಾನಲ್ಲಿ ಮ್ಯಾನೇಜರ್, ಬಿ.ಕಾಂ. ಓದಿದವನು, ಜವಾಬ್ದಾರಿಯುಳ್ಳವನು. ಭಾವ ಅಂಗಳದಲ್ಲಿ ಒಂದು ಬುಟ್ಟಿ ನಾರಿಗೆ ಬೆಂಕಿ ಹಚ್ಚಿ, ನಮ್ಮ ಹಳೆಯ ನಾಜಲ್‌ನಿಂದ ನೀರು ಬಿಟ್ಟರು. ನೀರು ಒಂದೇ ಧಾರೆಯಾಗಿ ಬಡಿಯಿತು. ಉರಿಯುವ ನಾರು ಅಂಗಳದ ತುಂಬ ಹಾರಿತು.

"ನೋಡ್ಲಾ, ಇದು ಬೆಂಕಿ ಆರಿಸ್ತಿಲ್ಲ. ಮನೆಮನೆಗೆ ಹಂಚ್ತಾ ಇದೆ."

ಒಂದು ತಿಂಗಳು ಅವರು ಲೇತಿನ ಮುಂದೆ ಕೂತರು. ಮಾಡಿದ್ದನ್ನು ತರುವುದು, ನಾರಿನ ಮೇಲೆ ಪರೀಕ್ಷಿಸುವುದು, ಬೈದುಕೊಂಡು ವಾಪಸು ಒಯ್ಯುವುದು. ಕೊನೆಗೊಂದು ಹಿತ್ತಾಳೆ ನಾಜಲ್ ನೀರನ್ನು ಛತ್ರಿಯ ಹಾಗೆ ಅರಳಿಸಿ ಚಿಮುಕಿಸಿತು. ನಾರಿನ ಕಟ್ಟು ಕಟ್ಟುವ ಗೌರಮ್ಮ ಸೆರಗು ಬಾಯಿಗಿಟ್ಟು ನಕ್ಕಳು: "ಅಣ್ಣಾ, ಇದ್ರಲ್ಲಿ ಬೆಂಕಿಗೆ ತಲೆಸ್ನಾನ ಆಯ್ತದೆ ಅಷ್ಟೇಯ."

"ಆಗ್ಲಿ ಕಣಮ್ಮ. ನೆಂದಿದ್ದು ಹಾರಲ್ಲ."

ಅದನ್ನು ಪೈಪಿಗೆ ತಿರುಗಿಸಿ ಬಿಗಿದು ನನಗೆ ಹೇಳಿದರು: "ಇದನ್ನ ಬಿಚ್ಬೇಡ ಕಣೋ." ತಲೆಯಾಡಿಸಿದೆ. ಅವರ ಬಸ್ಸು ಹೊರಟ ಮೇಲೆ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ರಸ್ತೆ ಪಕ್ಕದ ಫ್ಯಾಕ್ಟರಿ, ಫಳಫಳ ಹೊಳೆಯುವ ಹಿತ್ತಾಳೆ, ಬಂದು ಹೋಗುವ ಜನ. ಹಳೆಯದನ್ನೇ ಪೈಪಿಗೆ ಹಾಕಿದೆ. ಓದಿದವನಲ್ಲವೇ?

ಬೆಂಕಿ ಬಿದ್ದದ್ದು ಮಟಮಟ ಮಧ್ಯಾಹ್ನ, ನಾರು ಬಿಡಿಸುವ ಯಂತ್ರದ ಕಿಡಿಯಿಂದ. ಆಳುಗಳು ಪೈಪೆಳೆದು ನೀರು ಬಿಟ್ಟರು. ಉರಿಯುವ ನಾರು ಹಾರಿ ಎದುರಿನ ಶೆಡ್ಡಿನ ಬಾಗಿಲಿಗೆ ಹತ್ತಿಕೊಂಡಿತು. ಒಳಗೆ ಗೌರಮ್ಮ, ಅವಳ ಸೊಸೆ. ಬೇರೆ ಬಾಗಿಲಿಲ್ಲ.

ಭಾವ ಆವತ್ತು ವಾಷರ್ ಬದಲಿಸಲು ಆಗತಾನೇ ಬಂದಿಳಿದಿದ್ದರು. ಪೈಪಿನ ತುದಿ ನೋಡಿದರು, ನನ್ನನ್ನು ನೋಡಿದರು.

"ಎಲ್ಲೋ ಅದು?"

"ಬೀರುನಲ್ಲಿ."

"ಓಡು."

ಓಡಿದೆ. ಗೊಂಚಲಲ್ಲಿ ಐದು ಬೀಗದ ಕೈ. ಒಂದೊಂದನ್ನೂ ಎರಡೆರಡು ಸಲ ಹಾಕಿದೆ. ಯಾವುದೂ ತೂರಲಿಲ್ಲ, ಗೊಂಚಲನ್ನು ಕೆಳಗೆ ಬೀಳಿಸಿ ಮತ್ತೆ ಮೊದಲಿಂದ ಹಾಕಿದೆ. ಕಿಟಕಿಯಿಂದ ಗೌರಮ್ಮನ ಕೂಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಈಗ ಮನೆಯ ಬೀಗ ತೆಗೆಯುವಾಗಲೂ ಆ ಬಾರದ ಕೂಗಿಗೆ ಕಿವಿಗೊಟ್ಟು ನಿಂತುಬಿಡುತ್ತೇನೆ.

ಕೊನೆಗೆ ಬೀಗ ತೆರೆದು ನಾನು ವಾಪಸು ಬರುವಷ್ಟರಲ್ಲಿ ಭಾವ ಹಳೆಯ ನಾಜಲ್ ಕಿತ್ತೆಸೆದು, ಪೈಪಿನ ಬಾಯಿಗೆ ಎರಡೂ ಅಂಗೈ ಒತ್ತಿ ನೀರನ್ನು ಅಗಲಿಸುತ್ತ ಬಾಗಿಲಲ್ಲಿ ನಿಂತಿದ್ದರು. ಮೇಲೆ ಕಟ್ಟಿದ್ದ ಪ್ಲಾಸ್ಟಿಕ್ ತಾಡಪಾಲು ಕರಗಿ ಅವರ ಕೈಮೇಲೆ ತೊಟ್ಟಿಕ್ಕುತ್ತಿತ್ತು. ಕೈ ತೆಗೆದರೆ ನೀರು ಮತ್ತೆ ಒಂದೇ ಧಾರೆ. ತೆಗೆಯಲಿಲ್ಲ. ಆ ನೀರಿನ ಕೆಳಗೆ ಅತ್ತೆ ಸೊಸೆ ತೆವಳಿಕೊಂಡು ಹೊರಬಂದರು. ನಾನು ಹಿತ್ತಾಳೆ ನಾಜಲ್ ಹಿಡಿದು ನಿಂತಿದ್ದೆ. ಅದರ ಮೇಲೊಂದು ಗೀರೂ ಇರಲಿಲ್ಲ.

ಭಾವನವರನ್ನು ಸೇರಿಸಿದ್ದ ತುಮಕೂರಿನ ಆಸ್ಪತ್ರೆಗೆ ಫ್ಯಾಕ್ಟರಿ ಮಾಲೀಕರು ಬಂದು, ಹೊಸ ನಾಜಲ್ ಪೈಪಿನಲ್ಲಿ ಯಾಕಿರಲಿಲ್ಲ ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ, "ನಾನೇ ಸಾರ್, ಇನ್ನೊಸಿ ಸರಿಮಾಡಣ ಅಂತ ಬಿಚ್ಚಿಟ್ಟಿದ್ದೆ" ಎಂದರು. ಮಾಲೀಕರು ಬೈದರು. ಅಕ್ಕನೂ ಬೈದಳು. ಈಗ ಗುಬ್ಬಿಯಲ್ಲೆಲ್ಲ ಇದೇ ಮಾತು: ಆ ನಾಜಲ್ ಹುಚ್ಚ ಅದನ್ನು ಸುಮ್ಮನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಲೇತ್ ಹಿಡಿಯುತ್ತಿದ್ದ ಬೆರಳುಗಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬೀರು ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ. ಬರೆದಿರುವ ಇದನ್ನು ಮೊದಲು ಅವಳಿಗೇ ಓದಲು ಕೊಡುತ್ತೇನೆ.

ಆವತ್ತು ಆಸ್ಪತ್ರೆಯಲ್ಲಿ ಭಾವನ ಎರಡೂ ಕೈಗೆ ಬ್ಯಾಂಡೇಜು. ಊಟದ ಹೊತ್ತಿಗೆ ಅಕ್ಕ ಔಷಧಿಗೆ ಹೋಗಿದ್ದಳು. ಅನ್ನ ಕಲಸುತ್ತ ಕೇಳಿದೆ, "ಯಾಕ್ ಭಾವ ಹಂಗಂದ್ರಿ?"

"ನಿನ್ ಕೆಲ್ಸ ಉಳೀಲಿ ಅಂತ ಕಣೋ. ಬೈಯಿಸ್ಕೊಂಡು ನಂಗೆ ರೂಢಿ ಐತೆ, ನಿಂಗಿಲ್ಲ."

ತುತ್ತು ಅವರ ಬಾಯಿಯ ಹತ್ತಿರ ತಂದೆ. ಮುಖ ಹಿಂದಕ್ಕೆ ಎಳೆದುಕೊಂಡರು.

"ಸಾರು ಬಿಸಿ ಐತಲ್ಲೋ. ಊದು."

ಊದಿದೆ.